ಬಲಕ್ಕೆ ಮುಖ ಮಾಡಿದ ನೇಗಿಲು

ಪೊಲೀಸ ಖಾತೆ ಹೇಗೆ ನಡೆಯುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಅವರು ಶಿಪಾಯಿ; ಎದುರಿಗೆ ಬಂದವರಿಗೆಲ್ಲ ಸಲಾಮು ಹೊಡೆಯುವುದರಲ್ಲೇ ಅವರ ಅರ್ಧ ಆಯುಷ್ಯ ಹೋಯಿತು. ನಾನು ಪೊಲೀಸ ಲೈನಿನ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತು, ಯಾರು ಯಾರಿಗೆ ಸಲಾಮು ಹೊಡೆಯುತ್ತಾರೆ ಎಂದು ನೋಡುತ್ತಿದ್ದೆ. ಎಲ್ಲರ ಮೇಲೆ ಫೌಜದಾರರು. ಅವರ ಕೆಳಗೆ ಜಮಾದಾರರು. ಜಮಾದಾರರ ಕೆಳಗೆ ಶಿಪಾಯಿಗಳು, ಒಬ್ಬೊಬ್ಬರಿಗೆ ಒಂದಿಷ್ಟು ಹಳ್ಳಿ. ಹಳ್ಳಿಗೊಬ್ಬ ಪೊಲೀಸ ಪಾಟೀಲ, ಆತನ ಕೈಕೆಳಗೆ ಒಬ್ಬ ವಾಲೀಕಾರ. ವಾಲೀಕಾರನ ಕೆಳಗೆ ಊರ ನಾಯಿಗಳು. ಅವು ಅವನ ಮಾತನ್ನೂ ಕೇಳುತ್ತಿರಲಿಲ್ಲ.

ನಮ್ಮವರು ಪ್ರತಿ ಸೋಮವಾರ ಸೋನ್ಯಾಳ ದಾಟಿ, ತಿಕೋಂಡಿಯ ಆಚೆಗೆ ಗಡಿಗೆ ಹತ್ತಿಕೊಂಡಿದ್ದ ಒಂದು ಸಣ್ಣ ಹಳ್ಳಿಗೆ ಫೇರಿ, ಅಂದರೆ ಗಸ್ತು, ಹೋಗಬೇಕಿತ್ತು. ಆ ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಹೋದದ್ದಕ್ಕೆ ಸಾಕ್ಷಿ ಬೀಟಿನ ವಹಿ. ಅದರಲ್ಲಿ ಆ ದಿವಸದ ಎದುರಿಗೆ ಊರ ಪಾಟೀಲರ ಸಹಿ ಇರಬೇಕು. ಸಹಿ ಇಲ್ಲವೆಂದರೆ ಚಪ್ಪಲಿ ಹರಿಯುವಂತೆ ನಡೆದರೂ ನಡೆದಂತಲ್ಲ.

ಆ ಊರಿನ ಪಾಟೀಲರಿಗೆ ವಯಸ್ಸಾಗಿತ್ತು, ಅಕ್ಷರ ಬರುತ್ತಿರಲಿಲ್ಲ. ಆದರೆ ಹೆಬ್ಬೆಟ್ಟು ಒತ್ತುವವರಲ್ಲ ಅವರು. ಪಾಟೀಲಕಿ ಮನೆತನದವರು ಸಹಿಯ ಜಾಗದಲ್ಲಿ ನೇಗಿಲಿನ ಚಿತ್ರ ತೆಗೆಯುವುದು ಹಿಂದಿನಿಂದ ಬಂದ ಪದ್ಧತಿ. ನಾಲಿಗೆಗೆ ಹಚ್ಚಿದರೆ ನೇರಳೆ ಬಣ್ಣಕ್ಕೆ ತಿರುಗುವ ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆಯುತ್ತಿದ್ದರು. ಮಗ್ಗುಲಿಗೆ ನಮ್ಮವರು ‘ನಿಶಾಣಿ ನಾಂಗರ, ಪಾಟೀಲರ ಸ್ವಹಸ್ತ’ ಎಂದು ಮರಾಠಿಯಲ್ಲಿ ಬರೆಯುತ್ತಿದ್ದರು; ಗುರುತು ನೇಗಿಲು, ಪಾಟೀಲರ ಸ್ವಂತ ಕೈಯದು ಎಂದರ್ಥ. ವಾರ ವಾರ ಆ ನೇಗಿಲು ನೋಡಿ ನೋಡಿ, ಕಾಣದ ಆ ಮುದುಕರು ನನಗೆ ನೆಂಟರಂತೆ ಆಗಿದ್ದರು.

ನಮ್ಮ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಗಿ ವರ್ಷದೊಪ್ಪತ್ತು ಕಳೆದಿತ್ತು. ಮುಂಬೈ ಸರಕಾರ ಕಳಿಸಿದ ಹೊಸ ಫೌಜದಾರರು ದೂರದ ಸೀಮೆಯ ಮರಾಠಿಯವರು, ಕನ್ನಡ ಒಂದಕ್ಷರ ಬಾರದು. ವಹಿಗಳನ್ನು ಸಾಲು ಸಾಲಾಗಿ ಓದುವ ಮನುಷ್ಯ. ಫೇರಿ ತಪ್ಪಿಸಿದ ಇಬ್ಬರು ಹಳೆಯ ಶಿಪಾಯಿಗಳ ಸೊಂಟದ ಪಟ್ಟಾ ಬಿಚ್ಚಿಸಿ ಮನೆಗೆ ಕಳಿಸಿದ್ದರು.

ಅಂಥದ್ದರಲ್ಲಿ ನನಗೆ ತವರಿಗೆ ಹೋಗುವ ಮೊದಲೇ, ಎಂಟು ತಿಂಗಳಿಗೇ ಹೊಟ್ಟೆನೋವು ಬಂತು. ಅಂದು ಸೋಮವಾರ. ಫೌಜದಾರರೂ ಜಮಾದಾರರೂ ಬೇರೆ ಊರಿಗೆ ಹೋಗಿದ್ದರು. ರಜೆ ಕೇಳೋಣವೆಂದರೆ ಯಾರೂ ಇರಲಿಲ್ಲ. ಜಮಾದಾರರ ಹೆಂಡತಿ ಬಂದು ಹೆರಿಗೆ ಮಾಡಿದರು. ಅಂಗೈಯಲ್ಲಿ ಹಿಡಿಸುವಷ್ಟು ಹೆಣ್ಣುಕೂಸು. ಮೈ ಬೆಚ್ಚಗಿರದಿದ್ದರೆ ಉಳಿಯುವುದಿಲ್ಲ ಎಂದರು ಆಕೆ. ನಮ್ಮವರು ಫೇರಿಗೆಂದು ಹಾಕಿದ್ದ ಖಾಕಿ ಡಗಲೆ ತೊಟ್ಟುಕೊಂಡೇ ಒಲೆಯ ಮುಂದೆ ಕೂತು ಅರಿವೆ ಕಾಯಿಸಿ ಕೊಡುತ್ತ ಹೋದರು. ಸೋಮವಾರ ಹಾಗೇ ಮುಗಿಯಿತು.

ಮರುದಿನ ಅವರು ನೀರಿಗೆ ಹೋದಾಗ ವಹಿ ನನ್ನ ದಿಂಬಿನ ಮಗ್ಗುಲಿಗೇ ಇತ್ತು. ಖಾಲಿ ಜಾಗ ನೋಡಿದೆ. ಪೆನ್ಸಿಲು ನಾಲಿಗೆಗೆ ಹಚ್ಚಿ, ಮಲಗಿದಲ್ಲೇ ನೇಗಿಲು ತೆಗೆದೆ. ಚೆನ್ನಾಗಿಯೇ ಬಂತು ಅನ್ನಿಸಿತು.

ಅವರು ಬಂದು ವಹಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಕೂತು, ಮಗ್ಗುಲಿಗೆ ‘ಪಾಟೀಲರ ಸ್ವಹಸ್ತ’ ಎಂದು ಬರೆದರು. ಜನ್ಮದಲ್ಲಿ ಸುಳ್ಳು ಬರೆದವರಲ್ಲ.

“ಬಾಯಿ ಮುಕ್ಕಳಸು. ನಾಲಿಗಿ ಬಣ್ಣ ಆಗೇತಿ,” ಎಂದರು.

ತಿಂಗಳ ಮೇಲೆ ತಪಾಸಣೆಯಾಯಿತು. ಫೌಜದಾರರ ಬೆರಳು ಅಲ್ಲಿಗೇ ಬಂದು ನಿಂತಿತು. ಎಲ್ಲ ನೇಗಿಲುಗಳ ಮುಖ ಎಡಕ್ಕೆ, ಇದೊಂದರದು ಬಲಕ್ಕೆ. ಮರುದಿನ ಪಾಟೀಲರು ಠಾಣೆಗೆ ಬರಬೇಕೆಂದು ಹುಕುಂ ಹೋಯಿತು. ಆ ಸಂಜೆ ನಮ್ಮವರು ಸೊಂಟದ ಪಟ್ಟಾ ಬಿಚ್ಚಿ ಎಣ್ಣೆ ಹಚ್ಚಿ ತಿಕ್ಕತೊಡಗಿದರು.

“ಈಗ್ಯಾಕ ಅದು?” ಎಂದೆ.

“ನಾಳೆ ತಿರಗಿ ಕೊಡಾಗ ಹೊಲಸ ಇರಬಾರದು. ನೇಗಲ ನಾನ ತಗದೀನಿ ಅಂತ ಹೇಳ್ತೀನಿ. ನೀ ನಡಕ ಬರಬ್ಯಾಡ.”

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಎಡ ಬಲ ನೋಡದೆ ಗೀಚಿದ ನನ್ನ ಕೈಯ ಮೇಲೆ.

ಮರುದಿನ ಅವರು ಹೋದ ಮೇಲೆ ಕೂಸನ್ನು ಎದೆಗವಚಿಕೊಂಡು ಠಾಣೆಗೆ ನಡೆದೆ. ಖರೆ ಹೇಳಿಬಿಡುವುದೆಂದು ನಿಶ್ಚಯ ಮಾಡಿದ್ದೆ. ಕಟ್ಟೆಯ ಮೇಲೆ ಮೇಜು ಹಾಕಿಕೊಂಡು ಫೌಜದಾರರು, ಅವರೆದುರಿಗೆ ತೆರೆದ ವಹಿ. ನಮ್ಮವರು ಗೋಡೆಗೆ ನಿಂತಿದ್ದರು. ಬೆಂಚಿನ ಮೇಲೆ ಧೂಳು ತುಂಬಿದ ರುಮಾಲಿನ ಮುದುಕರು. ನಸುಕಿಗೆ ಬಂಡಿ ಹೂಡಿಕೊಂಡು ಬಂದಿದ್ದರಂತೆ. ಹೋದ ತಿಂಗಳ ಹುಣ್ಣಿಮೆಯ ಮುಂಚಿನ ಸೋಮವಾರ ಈ ನಿಶಾಣಿ ನೀವು ಹಾಕಿದಿರೋ ಇಲ್ಲವೋ ಎಂದು ಫೌಜದಾರರು ಮರಾಠಿಯಲ್ಲಿ ಕೇಳುತ್ತಿದ್ದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕರು ನನ್ನ ಕಡೆ ತಿರುಗಿದರು.

“ಯವ್ವಾ, ಇಂಥ ಬಿಸಲಾಗ ಕೂಸಿನ್ನ ಯಾಕ ತಂದಿ? ನೆಳ್ಳಿಗಿ ಕುಂದ್ರು. ಯಾವಾಗ ಹುಟ್ಟೇತಿ?”

“ಹುಣ್ಣಿಮಿಗಿಂತ ಮೊದಲಿನ ಸೋಮಾರರಿ,” ಎಂದೆ.

ಅವರು ಕೂಸನ್ನು ನೋಡಿದರು, ನಮ್ಮವರ ಹೊಳೆಯುವ ಪಟ್ಟಾ ನೋಡಿದರು. ಆಮೇಲೆ ಪೆನ್ಸಿಲು ಕೇಳಿ ಇಸಿದುಕೊಂಡು, ನಾಲಿಗೆಗೆ ಹಚ್ಚಿ, ಒಂದು ಹಾಳೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ನೇಗಿಲು ತೆಗೆದರು. ಸಾಹೇಬರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದರು: ಶಿಪಾಯಿ ಮುಂಜಾನೆ ನಾನು ಹೊಲಕ್ಕೆ ಹೊರಟಾಗ ಬಂದರೆ ಹೀಗೆ ಎಡಕ್ಕೆ, ಸಂಜೆ ಮನೆಗೆ ತಿರುಗಿದಾಗ ಬಂದರೆ ಹೀಗೆ ಬಲಕ್ಕೆ. ಆ ದಿವಸ ಅವ ತಡವಾಗಿ ಬಂದ.

ಫೌಜದಾರರು ಎರಡೂ ನೇಗಿಲು ನೋಡಿದರು, ನನ್ನನ್ನೂ ಕೂಸನ್ನೂ ನೋಡಿದರು. ಅವರಿಗೆ ಎಷ್ಟು ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ವಹಿ ಮುಚ್ಚಿ ನಮ್ಮವರ ಕೈಗೆ ಕೊಟ್ಟು, ಇನ್ನು ಮೇಲೆ ಲಗೂನ ಹೊರಡಬೇಕು ಎಂದಷ್ಟೇ ಹೇಳಿದರು.

ಪಾಟೀಲರು ನಮ್ಮ ಮನೆಗೆ ಬರಲಿಲ್ಲ, ಕರೆದರೂ ಬರಲಿಲ್ಲ. ಎತ್ತು ಹಸಿದಾವು ಎಂದು ಹೊರಟುಬಿಟ್ಟರು. ಅವರು ನಮಗಾಗಿ ಹೇಳಿದ ಒಂದು ಸುಳ್ಳನ್ನು ಖರೆ ಮಾಡಲು ಮುಂದೆ ಎಷ್ಟು ವರ್ಷ ದುಡಿದರು ಎಂಬುದು ನನಗೆ ವಹಿ ನೋಡಿದಾಗ ತಿಳಿಯುತ್ತಿತ್ತು. ನಮ್ಮವರು ಮುಂಜಾನೆ ಹೋದ ದಿನ ನೇಗಿಲು ಎಡಕ್ಕೆ, ಸಂಜೆ ಹೋದ ದಿನ ಬಲಕ್ಕೆ. ಒಮ್ಮೆಯೂ ತಪ್ಪಲಿಲ್ಲ. ಪ್ರತಿ ಸಲ “ಕೂಸ ಹ್ಯಾಂಗೈತಿ?” ಎಂದು ಕೇಳುತ್ತಿದ್ದರಂತೆ. ಕೂಸು ಸಾಲಿಗೆ ಹೋಗತೊಡಗಿದರೂ ಅವರಿಗೆ ಅದು ಕೂಸೇ.

ಒಂದು ಸೋಮವಾರ ವಹಿಯಲ್ಲಿ ನೇಗಿಲಿರಲಿಲ್ಲ. ಪಾಟೀಲರ ಮಗನ ಸಹಿ ಇತ್ತು, ದುಂಡಗಿನ ಚಂದದ ಅಕ್ಷರ. ನನಗೆ ಕಣ್ಣು ತುಂಬಿ ಬಂತು. ಹಾಳೆ ತಿರುವಿ ಹಿಂದಿನ ವಾರದ್ದು ನೋಡಿದೆ. ನಡುಗುವ ಗೆರೆಗಳ ನೇಗಿಲು, ಮುಖ ಬಲಕ್ಕೆ.

“ಹ್ವಾದ ವಾರ ಸಂಜಿಗಿ ಹೋಗಿದ್ರೇನ್ರಿ?”

“ಇಲ್ಲ, ಮುಂಜಾನೆನ ಹೋಗಿದ್ದೆ. ಹೊರಸಿನ ಮ್ಯಾಲ ಮಲಗಿದ್ರು. ಎಡಕ್ಕ ತಗೀಬೇಕಿತ್ತಲ್ರಿ ಅಂದೆ. ಹೊಲಕ್ಕ ಹೋಗೂದು ಮುಗೀತಪಾ, ಈಗ ಮನಿಗಿ ಹೊಂಟೀನಿ ಅಂದ್ರು.”