ಬಾಗ್ದಾದಿನ ಅಪ್ಪ, ಡಮಾಸ್ಕಸ್ಸಿನ ಮಾವ

ನನ್ನ ಮದುವೆ ಮುರಿದುಬೀಳುವ ಹಂತಕ್ಕೆ ಬಂದದ್ದು ಜಾತಕದಿಂದಲ್ಲ, ವರದಕ್ಷಿಣೆಯಿಂದಲ್ಲ, ಅರಬ್ ಸಮಾಜವಾದದಿಂದ. ಹೇಳಿದರೆ ಜನ ನಗುತ್ತಾರೆ. ನಗಲಿ. ಆವತ್ತು ಮಲ್ಕಾಜ್‌ಗಿರಿಯ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದವಳು ನಾನು.

ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಹುಡುಗ ಸಿಕಂದರಾಬಾದಿನವನು, ನಮ್ಮ ಹಾಗೆಯೇ ಕಲಬುರ್ಗಿ ಕಡೆಯ ಮನೆತನ. ನೋಡಲು ಬಂದ ದಿನವೇ ನನಗೆ ಹಿಡಿಸಿದ್ದ. ಪ್ರಶ್ನೆ ಕೇಳಿ, ನನ್ನ ಉತ್ತರ ಮುಗಿಯುವ ತನಕ ಸುಮ್ಮನೆ ಕೂತು ಕೇಳಿಸಿಕೊಂಡಿದ್ದ. ಅಂಥ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ.

ಮುಂದಿನ ವಾರ ಅವನು ತಂದೆ ತಾಯಿಯನ್ನು ಕರೆದುಕೊಂಡು ಮಾತುಕತೆಗೆ ಬಂದ. ಕಲ್ಯಾಣ ಮಂಟಪ ಎಲ್ಲಿ, ಊಟಕ್ಕೆ ಏನು, ಎಲ್ಲವೂ ಶಿರಾ ಮುಗಿಯುವುದರೊಳಗೆ ಇತ್ಯರ್ಥವಾಯಿತು. ಉಪ್ಪಿಟ್ಟು ಬಡಿಸುವಾಗ ಹುಡುಗನ ತಂದೆಯ ಕಣ್ಣು ಗೋಡೆಯ ಫೋಟೋದ ಮೇಲೆ ಬಿತ್ತು. ಅದರಲ್ಲಿ ನನ್ನಪ್ಪ ಮರಳುಗಾಡಿನ ನಡುವೆ, ರೈಲು ಹಳಿಯ ಮೇಲೆ ಒಂದು ಕಾಲಿಟ್ಟು, ಬೇಟೆಗೆ ಹೋದವನಂತೆ ನಿಂತಿದ್ದಾನೆ. ಪ್ರಾಯದಲ್ಲಿ ರೈಲ್ವೆ ಕೆಲಸದ ಮೇಲೆ ಇರಾಕಿಗೆ ಹೋಗಿ ಹಳಿ ಹಾಕಿಸಿ ಬಂದವನು.

"ಇರಾಕಿನ್ಯಾಗ ಇದ್ರೇನ್ರೀ? ನಾ ಸಿರಿಯಾದಾಗ ಇದ್ದೆ, ಪವರ್ ಹೌಸ್ ಕೆಲಸಕ್ಕ!" ಅಂದರು ಹುಡುಗನ ತಂದೆ. ಜೀಡಿಮೆಟ್ಲಾದ ಕಾರ್ಖಾನೆ ಸೇರುವ ಮುಂಚೆ ಅವರೂ ಹೊರದೇಶ ಕಂಡಿದ್ದರು. ಇಬ್ಬರೂ ತಟ್ಟೆ ಕೆಳಗಿಟ್ಟು ತಬ್ಬಿಕೊಂಡರು. ಹರಕು ಮುರುಕು ಅರಬ್ಬಿಯಲ್ಲಿ ಕ್ಷೇಮ ಸಮಾಚಾರವಾಯಿತು. ಸಂಬಂಧ ಗಟ್ಟಿಯಾಯಿತೆಂದು ಅಮ್ಮ ನನಗೆ ಕಣ್ಣಲ್ಲೇ ಹೇಳಿದಳು.

ಆಗ ಅಪ್ಪ ಬಾಯಿ ಬಿಟ್ಟ. "ಆದ್ರ ಅಸಲಿ ಪಾರ್ಟಿ ನಮ್ದು ನೋಡ್ರಿ."

ವಿಷಯ ಇಷ್ಟೇ. ಆ ಕಾಲದಲ್ಲಿ ಎರಡೂ ದೇಶಗಳನ್ನು ಆಳುತ್ತಿದ್ದುದು ಒಂದೇ ಹೆಸರಿನ ಅರಬ್ ಸಮಾಜವಾದಿ ಪಕ್ಷ. ಹೆಸರೂ ಒಂದೇ, ಘೋಷಣೆಯೂ ಒಂದೇ, ಬಣ ಮಾತ್ರ ಎರಡು. ಸಿರಿಯಾದಲ್ಲಿ ಸೈನ್ಯದ ಬಲವಿದ್ದ, ಇನ್ನಷ್ಟು ಎಡಕ್ಕೆ ವಾಲಿದ ಕಿರಿಯರು ಹಿರಿಯರನ್ನು ಹೊರದಬ್ಬಿದರು. ಹಾಗೆ ಹೊರಬಿದ್ದ ಸಂಸ್ಥಾಪಕರೊಬ್ಬರನ್ನು ಇರಾಕಿನವರು ಕರೆದು ಕೂರಿಸಿಕೊಂಡು, ನಾವೇ ಮೂಲದವರು ಅಂದರು. ಇಡೀ ಅರಬ್ ಜಗತ್ತಿಗೆ ತಾನೇ ಹಿರಿಯ ಸಮಿತಿ ಅಂತ ಎರಡೂ ಕಡೆ ಒಂದೊಂದು ಸಮಿತಿ. ಅರಬರನ್ನೆಲ್ಲ ಒಂದು ಮಾಡಲು ಹುಟ್ಟಿದ ಪಕ್ಷದ ಎರಡು ಮನೆಗಳಿಗೆ ಪರಸ್ಪರ ಮುಖ ಕಂಡರಾಗದು. ನಮ್ಮ ಈ ಇಬ್ಬರು ಯಾವುದಕ್ಕೂ ಸದಸ್ಯರಲ್ಲ. ಉಂಡ ಮನೆಯ ಋಣ, ಅಷ್ಟೇ.

"ಪಾರ್ಟಿ ಕಟ್ಟಿದವ್ರು ನಮ್ಮ ಕಡೆ ಇದ್ರು," ಅಂದ ಅಪ್ಪ.

"ಇದ್ರು ಖರೆ. ಕುರ್ಚಿ ಕೊಟ್ಟಿದ್ರಿ, ಅವ್ರ ಮಾತು ಕೇಳ್ತಿದ್ರೇನು? ಸಮಾಜವಾದ ಉಳಿದಿದ್ದು ನಮ್ಮಲ್ಲಿ," ಅಂದರು ಹುಡುಗನ ತಂದೆ.

"ನಿಮ್ದು ಫೌಜಿನವ್ರ ಪಾರ್ಟಿ!"

"ನಿಮ್ದೇನು ಭಜನಿ ಮಂಡಳಿ ಇತ್ತೇನು?"

"ಇರಾನ್ ಜೋಡಿ ಯುದ್ಧ ಆದಾಗ ನಮ್ಮನ್ನ ಬಿಟ್ಟು ಅವ್ರ ಕಡೆ ಹೋದ್ರಲ್ರೀ! ಅಂಥವ್ರ ಮನಿಗೆ ಹೆಣ್ಣು ಹ್ಯಾಂಗ ಕೊಡೂದು?"

ಕೊನೆಯ ಮಾತು ಅಪ್ಪನ ಬಾಯಿಂದ ಜಾರಿತು. ಹುಡುಗನ ತಂದೆ ಎದ್ದು ಹೆಂಡತಿಗೆ "ನಡಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಟೈಗ್ರಿಸ್ ನದಿಯನ್ನು ನಾನು ನಕ್ಷೆಯಲ್ಲೂ ಸರಿಯಾಗಿ ನೋಡಿದವಳಲ್ಲ, ಅದರ ದಡದ ಜಗಳಕ್ಕೆ ನನ್ನ ಸಂಸಾರ ಶುರುವಾಗುವ ಮುಂಚೆಯೇ ಮುಗಿಯಬೇಕೆ?

ಅಷ್ಟು ಹೊತ್ತೂ ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ ಹುಡುಗ ಆಗ ಮಾತಾಡಿದ. "ಒಂದು ಡೌಟ್ ಐತ್ರಿ. ಎರಡೂ ಕಡಿ ಘೋಷಣೆ ಒಂದ ಅಲ್ರಿ? ಸ್ವಾತಂತ್ರ್ಯ, ಸಮಾಜವಾದ, ಏಕತೆ?"

"ಅಲ್ಲ!" ಇಬ್ಬರೂ ಒಟ್ಟಿಗೆ ಗುಡುಗಿದರು.

"ಅದು ಈಜಿಪ್ಟಿನವ್ರದು!" ಅಂದ ಅಪ್ಪ.

"ಏಕತೆ ಮೊದಲು ಬರ್ತೈತಿ! ಏಕತೆ, ಸ್ವಾತಂತ್ರ್ಯ, ಸಮಾಜವಾದ! ಅವ್ರು ಏಕತೆ ಕಡೀಕ ಹಾಕ್ಯಾರ," ಅಂದರು ಹುಡುಗನ ತಂದೆ.

"ನೀವು ಸಿರಿಯಾದವ್ರು ಆ ಈಜಿಪ್ಟಿನವ್ರ ಕೂಡ ಒಂದ ದೇಶ ಮಾಡ್ಕೊಂಡು ಬಾಳ್ವಿ ಮಾಡಿ ನೋಡಿದ್ರಿ, ಪಾಪ," ಅಂದ ಅಪ್ಪ, ಈಗ ನಿಜವಾದ ಮರುಕದಿಂದ. "ಭಾಳ ಗೋಳಾಡಿಸಿದ್ರು ನಿಮ್ಮನ್ನ."

"ಪಾರ್ಟೀನ ಮುಚ್ಚಿಸಿದ್ರು ನೋಡ್ರಿ ಅವ್ರು!" ಎನ್ನುತ್ತ ಹುಡುಗನ ತಂದೆ ಮತ್ತೆ ಕೂತರು. ಇಬ್ಬರೂ ಸೇರಿ ಹುಡುಗನಿಗೆ ಪಾಠ ಶುರು ಮಾಡಿದರು. ಮಾತು ತಣ್ಣಗಾದಾಗಲೆಲ್ಲ ಅವನು ಇನ್ನೊಂದು ತಪ್ಪು ಪ್ರಶ್ನೆ ಕೇಳುತ್ತಿದ್ದ. ಇಬ್ಬರೂ ಮತ್ತೆ ಒಂದಾಗಿ ಅವನ ಮೇಲೆ ಬೀಳುತ್ತಿದ್ದರು. ಚಹಾ ಬಂತು, ಪಂಚಾಂಗ ಬಂತು, ಮುಹೂರ್ತ ನಿಶ್ಚಯವಾಯಿತು.

ಅವರು ಹೊರಡುವಾಗ ಗೇಟಿನ ಹತ್ತಿರ ನಾನು ಮೆಲ್ಲಗೆ ಕೇಳಿದೆ. "ಖರೇನ ನಿಮಗ ಗೊತ್ತಿರಲಿಲ್ಲೇನ್ರಿ?"

"ನಾ ಅವ್ರ ಮಗ ಅದೀನ್ರಿ," ಅಂದ ಅವನು, ತಂದೆಯ ಕಡೆ ನೋಡುತ್ತ. "ಮಗ್ಗಿಗಿಂತ ಮೊದಲ ಅದನ್ನ ಬಾಯಿಪಾಠ ಮಾಡೇನಿ."

ಒಳಗೆ ಬಂದರೆ ಅಪ್ಪ ಕುರ್ಚಿಯಲ್ಲಿ ಒರಗಿ ಯೋಚನೆಯಲ್ಲಿ ಬಿದ್ದಿದ್ದ. "ಬೀಗರು ಭಾಳ ತಿಳದವ್ರು. ಹುಡುಗ ಮಾತ್ರ ಸ್ವಲ್ಪ ದಡ್ಡ ಅದಾನ ನೋಡವಾ. ಮತ್ತ ವಿಚಾರ ಮಾಡ್ತೀಯೇನು?"

ಹೆಣ್ಣಿನ ಮನೆಯಲ್ಲಿ, ಎಲ್ಲರ ಎದುರು, ನನ್ನನ್ನು ಕಳೆದುಕೊಳ್ಳಬಾರದೆಂದು ದಡ್ಡನಾಗಿ ಹೋದವನು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು, ಅವನ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು.

"ಇರಲಿ ಬಿಡಪ್ಪಾ," ಅಂದೆ. "ನನಗ ಆ ದಡ್ಡನ ಬೇಕು."