ಮೂವತ್ತೊಂದಕ್ಕೇ ಮುದುಕಿ

ನಮ್ಮ ಮನೆಯಲ್ಲಿ ಸರ್ಕಾರದ ಲೆಕ್ಕಕ್ಕೆ ಪ್ರಾಯದವಳು ನಾನೊಬ್ಬಳೇ. ಐವತ್ತೆಂಟಾಯಿತು ನನಗೆ. ನಾರ್ತ್ ಡಕೋಟದ ಹಿಮದಲ್ಲಿ ಮಕ್ಕಳನ್ನು ತುಂಬಿಕೊಂಡು ಶಾಲೆಯ ಬಸ್ಸು ಓಡಿಸುತ್ತೇನೆ. ನಿನಗೆಷ್ಟು ವಯಸ್ಸು ಎಂದು ಒಂದು ನರಪಿಳ್ಳೆಯೂ ಕೇಳುವುದಿಲ್ಲ. ಮುದುಕರಾದದ್ದು ನನ್ನ ಗಂಡ ಡ್ವೇನ್ ಮತ್ತು ಮಗಳು ಬ್ರಿಟಾ.

ಡ್ವೇನ್ ನಮ್ಮೂರ ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ಇಳಿ, ಏರು, ಕಾಯಿ ಎಂದು ಹೇಳುತ್ತಿದ್ದವನು. ಆ ಕೆಲಸದಿಂದ ಐವತ್ತಾರಕ್ಕೆ ಇಳಿಸಿಬಿಡುತ್ತಾರೆ. ಸೇರುವುದಾದರೆ ಮೂವತ್ತೊಂದು ತುಂಬುವುದರೊಳಗೆ ಸೇರಬೇಕು. ಡ್ವೇನ್ ಕಳೆದ ಬೇಸಿಗೆಯಲ್ಲಿ ಇಳಿದ. ಬ್ರಿಟಾಗೆ ಮಾರ್ಚಿನಲ್ಲಿ ಮೂವತ್ತೊಂದು ತುಂಬುವುದಿತ್ತು.

ಬ್ರಿಟಾ ಹುಟ್ಟಾ ಟವರಿನವಳು. ಚಿಕ್ಕವಳಿದ್ದಾಗಲೇ ಬಚ್ಚಲುಮನೆಯ ಮುಂದೆ ನಿಂತು, "ಅಜ್ಜಿ ಮೊದ್ಲು, ಅಪ್ಪ ಆಮೇಲೆ, ಅಮ್ಮಾ ನೀನು ತಡ್ಕೋ" ಎನ್ನುತ್ತಿದ್ದಳು. ಕಾಲೇಜಿನಲ್ಲಿ ಅದನ್ನೇ ಓದಿದಳು. ಓದಿ ಮುಗಿಸಿದರೆ ನೇಮಕಾತಿಯೇ ಬಂದ್! ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಅದೇ ನಿಲ್ದಾಣದಲ್ಲಿ ಹಿಮ ತಳ್ಳುವ ಲಾರಿ ಓಡಿಸಿದಳು. ಮತ್ತೆ ಕರೆದಾಗ ಮೂವತ್ತಾಗಿತ್ತು. ಪರೀಕ್ಷೆಯಲ್ಲಿ ಸಲೀಸಾಗಿ ಗೆದ್ದಳು. ವೈದ್ಯರ ತಪಾಸಣೆಯಲ್ಲಿ, ಹೊಟ್ಟೆಯಲ್ಲಿದ್ದ ಮಗು ಹೋದಾಗ ಸ್ವಲ್ಪ ದಿನ ನಿದ್ದೆಗೆ ಮಾತ್ರೆ ನುಂಗಿದ್ದೆ ಎಂದು ನಿಜ ಹೇಳಿದಳು. ಅದಕ್ಕೆ ಇನ್ನಷ್ಟು ಕಾಗದ ಕೇಳಿದರು, ಕಳಿಸಿದಳು. ಆಮೇಲೆ ಆ ಕಡೆಯಿಂದ ಉಸಿರಿಲ್ಲ.

ನಾನು ಫೋನ್ ಎತ್ತಿ ಬ್ರಿಟಾಳ ಕೈಗೆ ಹಿಡಿದೆ. ನಾನು ಹುಟ್ಟಿದ್ದು ಶಿಕಾಗೋದಲ್ಲಿ, ನಮಗೆ ಜಗಳವೇ ಊಟ. ಡ್ವೇನನ ಕಡೆಯವರು ಮನೆಗೆ ಬೆಂಕಿ ಬಿದ್ದರೂ ಪಕ್ಕದವರ ನಿದ್ದೆ ಕೆಟ್ಟೀತೆಂದು ಮೆಲ್ಲಗೆ ಕರೆಯುವ ಜನ.

"ಅಳೋ ಮಗೂಗೇ ಕಣೇ ಹಾಲು. ದಿನಾ ಫೋನ್ ಮಾಡಿ ಅವರ ತಲೆ ತಿನ್ನು."

"ಬೇಡಮ್ಮಾ. ಅವರಿಗೂ ಕೆಲಸ ಇರುತ್ತೆ. ಪೀಡೆ ಅಂದ್ಕೊಂಡು ಪಕ್ಕಕ್ಕೆ ಇಟ್ಬಿಟ್ರೆ?"

"ಸರದಿ ಬಂದಾಗ ಕರೀತಾರೆ ಮಾರ್ಲಿಸ್," ಎಂದ ಡ್ವೇನ್. "ಟವರಲ್ಲೂ ಅಷ್ಟೇ. ಕಾಯಿ ಅಂದ್ರೆ ಕಾಯ್ಬೇಕು."

"ನಿನ್ನ ತಲೆ! ಇವಳಿಗೇನು ರೆಕ್ಕೆ ಇದೆಯಾ?"

ಅಪ್ಪ ಮಗಳು ಒಂದೇ ಕಡೆ. ನಾನು ಸೋತೆ. ಮಾರ್ಚ್ ಬಂತು, ಹುಟ್ಟಿದ ಹಬ್ಬ ಶನಿವಾರ ಬಿತ್ತು. ಕೇಕು ಮಾಡಿದೆ, ಯಾರೂ ಮುಟ್ಟಲಿಲ್ಲ.

ಸೋಮವಾರ ಫೋನ್ ಬಂತು. ಬ್ರಿಟಾ ನಮಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಅತ್ತ ನೇಮಕಾತಿ ಕಚೇರಿಯ ಯಾರೋ ಎಳೆಯ ಹುಡುಗ. "ಎಲ್ಲಾ ಸರಿ ಇದೆ ಮೇಡಂ, ವೈದ್ಯರು ಒಪ್ಪಿದಾರೆ," ಎಂದವನು ತಟ್ಟನೆ ಮಾತು ನಿಲ್ಲಿಸಿದ. "ಅಯ್ಯೋ. ಶನಿವಾರ ನಿಮಗೆ..."

"ಹೌದು," ಎಂದಳು ಬ್ರಿಟಾ.

"ಛೆ! ಒಂದ್ಸಲ ಫೋನ್ ಮಾಡ್ಬಾರ್ದಿತ್ತಾ? ಕೇಳಿದೋರ ಫೈಲು ಮೇಲಕ್ಕೆ ತಗೀತೀವಿ. ನಿಮ್ಮದನ್ನ ಯಾರೂ ಕೇಳ್ಲೇ ಇಲ್ಲ."

"ಪರವಾಗಿಲ್ಲ ಸರ್. ನಿಮಗೆ ತೊಂದ್ರೆ ಆಯ್ತು," ಎಂದು ನನ್ನ ಮಗಳು ಫೋನ್ ಇಟ್ಟಳು.

ನಾನು ಬಾಯಿಗೆ ಬಂದಂತೆ ಬೈದೆ. ಆ ಹುಡುಗನನ್ನು, ಸರ್ಕಾರವನ್ನು, ಡ್ವೇನನ ಇಡೀ ವಂಶವನ್ನು.

"ಅಪ್ಪಾ, ನಿನ್ನ ಕುರ್ಚಿಗೆ ಯಾರು ಬಂದ್ರು?" ಎಂದಳು ಬ್ರಿಟಾ.

"ಯಾರೂ ಬಂದಿಲ್ಲ ಮಗಾ. ಜನ ಸಿಗ್ತಿಲ್ಲ. ಇರೋರೇ ವಾರಕ್ಕೆ ಆರು ದಿನ ಸಾಯ್ತಿದಾರೆ."

ಅವಳು ನಕ್ಕಳು. ಹೊರಗೆ ಹಿಮ ಜೋರಾಗಿತ್ತು. ಎದ್ದು ಕೋಟು ಹಾಕಿಕೊಂಡು, ರನ್‌ವೇ ಮೇಲಿನ ಹಿಮ ತಳ್ಳಬೇಕು ಎಂದು ಹೊರಟಳು. ಆ ಕೆಲಸಕ್ಕೆ ವಯಸ್ಸಿನ ಮಿತಿಯಿಲ್ಲ, ಸಾಯುವವರೆಗೂ ಮಾಡಬಹುದು.