ಸ್ಟೆಲ್ಲಬಾಯಿಯ ಕೈಯಲ್ಲಿದ್ದ ವಾಚು

ನೆನೆಸಿಟ್ಟ ಬಾಳೆನಾರಿಗೆ ಒಂದು ವಾಸನೆ ಇದೆ. ಮಲ್ಲಿಗೆಯ ಪರಿಮಳ ಎಲ್ಲರಿಗೂ ಗೊತ್ತು. ಅದನ್ನು ಕಟ್ಟುವ ನಾರಿನದ್ದು, ಸ್ವಲ್ಪ ಹುಳಿ, ಸ್ವಲ್ಪ ಕೆಸರು, ಕೂತು ಕಟ್ಟಿದವರಿಗೆ ಮಾತ್ರ ಗೊತ್ತು. ಮೊನ್ನೆ ಉಡುಪಿ ಮಾರ್ಕೆಟ್ಟಿನಲ್ಲಿ ಹೂವಿನವಳ ಪ್ಲಾಸ್ಟಿಕ್ ಬಕೆಟ್ಟಿನಿಂದ ಆ ವಾಸನೆ ಎದ್ದು ಬಂತು. ಕೊಡೆ ಹಿಡಿದು ನಿಂತಿದ್ದ ಈ ರಿಟೈರ್ಡ್ ಟೀಚರಮ್ಮ ಒಂದು ಗಳಿಗೆ ಎಲ್ಲಿದ್ದೇನೆಂದೇ ಮರೆತಳು.

ಶಿರ್ವದ ನಮ್ಮ ಮನೆ ಈಗ ಇಲ್ಲ. ಆ ಜಾಗದಲ್ಲಿ ದುಬೈ ಹಣದ ಎರಡು ಮಾಳಿಗೆಯ ಬಂಗಲೆ ಇದೆ. ನನ್ನ ಕಣ್ಣಿಗೆ ಮಾತ್ರ ಕೆಂಪು ಸಿಮೆಂಟಿನ ಜಗಲಿ ಕಾಣುತ್ತದೆ, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ. ಮಾಯ್, ಅಂದರೆ ನಮ್ಮ ಅಮ್ಮ, ಕಾಲು ಚಾಚಿ ಹೆಬ್ಬೆರಳಿಗೆ ನಾರು ಸಿಕ್ಕಿಸಿ ಕೂರುತ್ತಿದ್ದಳು. ಮೊಗ್ಗು ಅರಳುವ ಮೊದಲು ಕಟ್ಟಿ ಬಸ್ಸಿಗೆ ಹಾಕಬೇಕು. ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಬೇಕಾದಷ್ಟು ಪುರುಸೊತ್ತು. ಹಾಗಾಗಿ ಸರದಿಯ ಮೇಲೆ ಕಥೆ ಹೇಳುವುದು ನಮ್ಮ ಮನೆಯ ಪದ್ಧತಿ. ಸಿನೆಮಾ ಕಥೆ ಕೂಡದು, ಭೂತದ ಕಥೆ ಕೂಡದು, ತಾನು ಕಣ್ಣಾರೆ ಕಂಡದ್ದನ್ನೇ ಹೇಳಬೇಕೆಂದು ಮಾಯ್ ಕಟ್ಟುನಿಟ್ಟು ಮಾಡಿದ್ದಳು. ಅಕ್ಕ ಸ್ಟೆಲ್ಲ, ನಮ್ಮ ಕೊಂಕಣಿ ರೂಢಿಯಲ್ಲಿ ಸ್ಟೆಲ್ಲಬಾಯ್, ಇದರಲ್ಲಿ ಎಲ್ಲರಿಗಿಂತ ಮೇಲು. ಪಾದ್ರಿಗಳ ಕೊಡೆ ಗಾಳಿಗೆ ಮಗುಚಿದ್ದನ್ನು ಅವಳು ಹೇಳಿದರೆ ನಮಗೆ ಗಾಳಿ ತಾಗುತ್ತಿತ್ತು. ಅಣ್ಣ ಡೆನಿಸ್ ಹೂ ಕಟ್ಟುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನಡುನಡುವೆ "ಸುಳ್ಳು, ಶುದ್ಧ ಸುಳ್ಳು" ಎಂದು ಅವಳನ್ನು ಕೆಣಕುತ್ತಿದ್ದ. ನಾನು ಕಾರ್ಕಳದ ಬೋರ್ಡಿಂಗಿನಿಂದ ರಜೆಗೆ ಮಾತ್ರ ಬರುವವಳು. ನಾನು ಹಾಕಿದ ಗಂಟು ಜಾರಿದರೆ ಅದಕ್ಕೆ ಕಾನ್ವೆಂಟ್ ಗಂಟು ಎಂದು ಹೆಸರಿಟ್ಟದ್ದು ಅವನೇ.

ಒಂದು ವರ್ಷ ಬೇಸಗೆ ಬೇಗ ಕಚ್ಚಿತು. ಮಲ್ಲಿಗೆ ಗಿಡಗಳಿಗೆ ನೀರು ಸಾಲದೆ, ಗದ್ದೆಯಂಚಿನಲ್ಲಿ ಮುಚ್ಚಿ ಬಿಟ್ಟಿದ್ದ ಹಳೆಯ ಬಾವಿಯ ಕೆಸರು ತೆಗೆಯಲು ಡೆನಿಸ್ ಇಳಿದ. ಒಳಗಿನ ಗಾಳಿ ಕೆಟ್ಟಿತ್ತು. ಹಗ್ಗ ಕಟ್ಟಿಕೊಂಡು ಇನ್ನೊಬ್ಬರು ಇಳಿದು ಅವನನ್ನು ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ಮೇಲೆ ಮಾಯ್ ಯಾರಿಗೂ ಕಥೆ ಹೇಳೆಂದು ಹೇಳಲಿಲ್ಲ. ಮೌನದಲ್ಲೇ ಹೂ ಕಟ್ಟಿದೆವು. ಮಾಯ್ ಒಳಗೆ ಹೋದಾಗ ಮಾತ್ರ ಸ್ಟೆಲ್ಲಬಾಯ್ ತಲೆ ಎತ್ತದೆ, ತಗ್ಗಿದ ಸ್ವರದಲ್ಲಿ, ಆ ದಿನದ್ದನ್ನು ನನಗೆ ಹೇಳುತ್ತಿದ್ದಳು. ಪ್ರತಿ ರಜೆಯಲ್ಲೂ ಹೇಳಿದಳು.

ಹೋದ ವರ್ಷ ಮಣಿಪಾಲದ ಕೆಲವು ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದರು. ಒಂದು ಚಿಕ್ಕ ಹಾಲ್, ಒಂದು ಮೈಕ್. ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ಬದುಕಿನ ನಿಜವಾದ ಕಥೆಯನ್ನು ಹೇಳುವ ಪ್ರೋಗ್ರಾಮ್. ಪೇಪರ್ ನೋಡಬಾರದು, ಕಥೆ ನಿಮ್ಮದೇ ಆಗಿರಬೇಕು ಆಂಟಿ, ಎಂದಿತು ಒಂದು ಹುಡುಗಿ. ಇದು ನಮ್ಮ ಮಾಯಿಯ ರೂಲ್ ಅಲ್ಲವೇ ಎಂದು ನನಗೆ ಒಳಗೊಳಗೇ ಖುಷಿ. ಸ್ಟೆಲ್ಲಬಾಯಿಯನ್ನು ಟ್ಯಾಕ್ಸಿಯಲ್ಲಿ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದೆ.

ನಾನು ಡೆನಿಸನ ಕಥೆ ಹೇಳಿದೆ. ಬಾವಿಗೆ ಇಳಿಯುವ ಮೊದಲು ಅವನು ಬೊಂಬಾಯಿಯ ಮಾವ ಕೊಟ್ಟಿದ್ದ ವಾಚು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟದ್ದು, ಬೆವರಿಗೆ ಒದ್ದೆಯಾದ ಪಟ್ಟಿಯ ಬಿಸಿ, "ಗಟ್ಟಿ ಹಿಡ್ಕೊ, ಈಗ ಬಂದೆ" ಎಂದದ್ದು. ಅವನನ್ನು ಮೇಲೆ ತಂದು ಮಲಗಿಸಿದಾಗಲೂ ಆ ವಾಚು ನನ್ನ ಮುಷ್ಟಿಯೊಳಗೆ ನಡೆಯುತ್ತಲೇ ಇದ್ದದ್ದು. ಆಮೇಲೆ ಮಕ್ಕಳು ಬಂದು ಅಪ್ಪಿಕೊಂಡರು. ಇದನ್ನೇ ಎಸ್ಸೇ ಮಾಡಿ ಬರೆದುಕೊಡಿ, ಪುಸ್ತಕಕ್ಕೆ ಹಾಕುತ್ತೇವೆ ಎಂದರು.

ಸ್ಟೆಲ್ಲಬಾಯಿಯನ್ನು ಶಿರ್ವದ ಅವಳ ಮನೆಗೆ ಬಿಡಲು ನಾನೂ ಟ್ಯಾಕ್ಸಿ ಹತ್ತಿದೆ. ಕಟಪಾಡಿ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

"ಚಂದ ಹೇಳಿದಿ ಐರಿನ್," ಎಂದಳು ಕೊನೆಗೆ. "ಆದರೆ ವಾಚು ಕೊಟ್ಟದ್ದು ನನ್ನ ಕೈಗೆ. ನೀನು ಅಲ್ಲಿ ಇರಲಿಲ್ಲ."

ವಯಸ್ಸಾಯಿತು, ಪಾಪ, ಮರೆವು ಎಂದುಕೊಂಡೆ. ಹಾಗೆಂದು ಹೇಳಿಯೂ ಬಿಟ್ಟೆ.

"ಮರೆವು ಎಂತದ್ದು? ನಿನಗೆ ಶಾಲೆ ಇತ್ತಲ್ಲ. ಕಾರ್ಕಳದಿಂದ ನಿನ್ನನ್ನು ಕರೆಸಿದ್ದು ಆಮೇಲೆ."

ಆ ಪಟ್ಟಿಯ ಬಿಸಿ ಇವತ್ತಿಗೂ ನನ್ನ ಕೈಯಲ್ಲಿದೆ ಎಂದು ನಾನು ವಾದಿಸಿದೆ. ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, "ಅದು ನಾನು ಹೇಳಿದ ಬಿಸಿ."

ಶಂಕರಪುರದ ಹತ್ತಿರ ಎಲ್ಲೋ ಧೈರ್ಯ ಮಾಡಿ, ಹಾಗಾದರೆ ಮುಂದಿನ ಸಲ ನೀನೇ ಸ್ಟೇಜಿಗೆ ಬಾ, ನೀನೇ ಹೇಳು ಎಂದೆ. ಅವಳಿಗೆ ನಗು ಬಂತು, ಒಳ್ಳೆಯ ನಗು ಅಲ್ಲ.

"ನಿನಗೆ ಕಾನ್ವೆಂಟ್ ಸಿಕ್ಕಿತು, ಇಂಗ್ಲಿಷ್ ಸಿಕ್ಕಿತು, ಕೂತು ಕೇಳುವ ಜನ ಸಿಕ್ಕಿದರು. ನನಗೆ ಇದ್ದದ್ದು ಇದೊಂದೇ, ಮಾರಾಯ್ತಿ. ಅಷ್ಟು ಜನರಿಗೆ ಹಂಚಿದರೆ ಮತ್ತೆ ನನಗೆ ಎಂತ ಉಂಟು?" ಆಮೇಲೆ, "ಈಗ ಬರೆಯಬೇಡ. ನಾನು ಹೋದ ಮೇಲೆ ಬೇಕಾದರೆ ಬರೆ. ಯಾರದ್ದು ಅಂತ ಬರೆ," ಎಂದಳು.

ಎಸ್ಸೇ ಕೊಡಲು ಆಗುವುದಿಲ್ಲ ಎಂದು ಮಕ್ಕಳಿಗೆ ಫೋನ್ ಮಾಡಿದೆ. ಕಾರಣ ಹೇಳಲಿಲ್ಲ. ಸ್ಟೆಲ್ಲಬಾಯ್ ಈ ಸಲದ ಮಳೆ ಹಿಡಿಯುವ ಮೊದಲು ತೀರಿಕೊಂಡಳು. ಇಗರ್ಜಿಯಲ್ಲಿ ಅವಳ ಕೈಗಳನ್ನು ಜಪಮಾಲೆ ಸುತ್ತಿ ಜೋಡಿಸಿದ್ದರು. ನಾರು ಎಳೆದು ಎಳೆದು ಗಡುಸಾದ ತೋರುಬೆರಳು ಮಾತ್ರ ಮಾಲೆಯೊಳಗೆ ಸರಿಯಾಗಿ ಮಡಚಿರಲಿಲ್ಲ. ಬಾವಿಕಟ್ಟೆಯ ಆ ದಿನವನ್ನು ಕಂಡಿದ್ದ ಕೊನೆಯ ಕಣ್ಣುಗಳೂ ಮುಚ್ಚಿದ್ದವು. ಈಗ ಬರೆಯುತ್ತಿದ್ದೇನೆ. ಇದು ಅವಳದ್ದು.

ಹಾಗಾದರೆ ಡೆನಿಸ್ ಸತ್ತ ದಿನದಲ್ಲಿ ನನ್ನದು ಎಂಬುದು ಏನು? ಹುಡುಕುತ್ತಾ ಹೋದರೆ ಸಿಗುವುದು ಇಷ್ಟೇ. ಭೂಗೋಳದ ಕ್ಲಾಸಿನ ಮಧ್ಯೆ ಸಿಸ್ಟರ್ ನನ್ನನ್ನು ಹೊರಗೆ ಕರೆದರು. ಮನೆಗೆ ಹೋಗಬೇಕಂತೆ ಎಂದರು, ಯಾಕೆಂದು ಹೇಳಲಿಲ್ಲ. ತಲೆ ಸವರಿದರು, ಯಾವತ್ತೂ ಸವರದವರು. ಕೈಗೆ ಒಂದು ಬನ್ ಕೊಟ್ಟು, ಅಡುಗೆಯ ಬಾಯಮ್ಮನನ್ನು ಜೊತೆ ಮಾಡಿ ಬಸ್ಸು ಹತ್ತಿಸಿದರು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಬೆಳ್ಮಣ್ಣಿನ ಇಳಿಜಾರಿನಲ್ಲಿ ಬಸ್ಸು ಓಡುವಾಗ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತಿತ್ತು. ಬಾಯಮ್ಮ ನನ್ನ ಮುಖ ನೋಡದೆ ಸೆರಗಿನ ತುದಿ ತಿರುವುತ್ತಾ ಕೂತಿದ್ದಳು. ವಾರದ ನಡುವೆ ರಜೆ ಸಿಕ್ಕಿತಲ್ಲ ಎಂದು ನಾನು ಕಾಲು ಆಡಿಸುತ್ತಾ, ಮುಗಿದುಹೋಗಬಾರದೆಂದು ಚೂರು ಚೂರೇ ಮುರಿದು, ಆ ಬನ್ನನ್ನು ಮನೆಯ ಗೇಟಿನವರೆಗೂ ತಿನ್ನುತ್ತಾ ಬಂದೆ.